ಕಣಗಿನಹಾಳದಿಂದ ಹೆಗ್ಗೋಡಿಗೆ: ಸಂಘ-ಸಂಸ್ಥೆಗಳ ನಡುವೆ ಒಂದು ವಾರ

ಒಂದು ಊರಿನ ವೈದ್ಯರು, ವಕೀಲರು, ಎಂಜಿನಿಯರುಗಳನ್ನು ಒಟ್ಟುಗೂಡಿಸಿ, ಆ ಊರು ನಡೆಯಲು ಕಾರಣವಾದ ಸಂಸ್ಥೆಗಳ ಒಳಗೆ ಕರೆದೊಯ್ದು ತೋರಿಸುವ ಪದ್ಧತಿ ಅಮೆರಿಕದ ನಗರಗಳಲ್ಲಿ ಬಹಳ ವರ್ಷಗಳಿಂದ ಇದೆ. ಫಿಲಡೆಲ್ಫಿಯಾದಲ್ಲಿ 1959ರಲ್ಲಿ, ಅಟ್ಲಾಂಟಾದಲ್ಲಿ 1969ರಲ್ಲಿ ಇಂಥ ನಾಯಕತ್ವ ಶಿಬಿರಗಳು ಶುರುವಾದವು. ವರ್ಷಕ್ಕೊಂದು ತಂಡ, ಒಂದು ದಿನ ನ್ಯಾಯಾಲಯ, ಇನ್ನೊಂದು ದಿನ ಆಸ್ಪತ್ರೆ, ಮತ್ತೊಂದು ದಿನ ಶಾಲೆ ಎಂದು ಸುತ್ತುವುದು ಅಲ್ಲಿಯ ಕ್ರಮ. ಹುಬ್ಬಳ್ಳಿ-ಧಾರವಾಡದ ಕೆಲವು ಹಿರಿಯರು ಅದೇ ವಿಚಾರವನ್ನು ನಮ್ಮ ಸೀಮೆಗೆ ಒಗ್ಗಿಸಿ ಆಗಸ್ಟ್ ಮೊದಲ ವಾರದಲ್ಲಿ ಒಂದು ಪ್ರವಾಸ ಏರ್ಪಡಿಸಿದ್ದರು. ಮಕ್ಕಳ ವೈದ್ಯೆ, ಸಿವಿಲ್ ಎಂಜಿನಿಯರ್, ಇಬ್ಬರು ವಕೀಲರು, ಬ್ಯಾಂಕ್ ವ್ಯವಸ್ಥಾಪಕರು, ಸಾಫ್ಟ್‌ವೇರ್ ಕಂಪನಿಯ ಒಬ್ಬ ತರುಣ, ಕಾಲೇಜಿನ ಪ್ರಾಧ್ಯಾಪಕಿ ಒಬ್ಬರು, ಲೆಕ್ಕಪರಿಶೋಧಕಿಯಾದ ನಾನು, ಹೀಗೆ ಒಂದು ಟೆಂಪೊ ತುಂಬುವಷ್ಟು ಜನ.

ನಮ್ಮನ್ನು ಕರೆದುಕೊಂಡು ಹೊರಟವರು ಸಹಕಾರ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಹೊರಡುವ ಮುನ್ನ ಅವರು ಎರಡು ನಿಯಮ ಹೇಳಿದರು. ಎಲ್ಲಿಯೂ ನಮ್ಮವರು ಭಾಷಣ ಮಾಡಬಾರದು. ಹೋದಲ್ಲೆಲ್ಲ ಅಲ್ಲಿಯವರ ಅನುಮತಿ ಪಡೆದು ಒಂದಾದರೂ ಪುಸ್ತಕ ಬಿಡಿಸಿ ನೋಡಬೇಕು: ನಡವಳಿ ಪುಸ್ತಕವೋ, ಹಾಜರಿ ಪುಸ್ತಕವೋ, ದಾಸ್ತಾನು ಪುಸ್ತಕವೋ, ಯಾವುದಾದರೂ ಸರಿ. ಈ ಎರಡನೆಯ ನಿಯಮ ನನಗೆ ತುಂಬ ಹಿಡಿಸಿತು. ಸಂಸ್ಥೆಯೊಂದರ ಗೋಡೆಯ ಮೇಲೆ ಅದರ ಆದರ್ಶ ಇರುತ್ತದೆ, ಕಪಾಟಿನಲ್ಲಿ ಅದರ ನಡತೆ ಇರುತ್ತದೆ.

ಸೋಮವಾರ: ಕಣಗಿನಹಾಳ, ಗದಗ

ಅಣ್ಣಿಗೇರಿ ದಾಟುವ ಹೊತ್ತಿಗೆ ಎರಡೂ ಕಡೆ ಎರೆಹೊಲ. ಹೆಸರು ಬೆಳೆ ಕಾಯಿ ಕಟ್ಟಿತ್ತು. ಮಳೆ ಇನ್ನೊಂದು ವಾರ ಬಿಡುವು ಕೊಟ್ಟರೆ ಸಾಕು ಎಂದು ಚಾಲಕ ಹೇಳಿದ. ಅವನ ಮನೆಯಲ್ಲೂ ಹೆಸರು ಬಿತ್ತಿದ್ದರು.

ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಹೊರಗಿನವರು ಹೋಗುವುದು ಒಂದೇ ಕಾರಣಕ್ಕೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಇಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಇದೇ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಆಗ ಇದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1876-78ರ ಬರವನ್ನೂ ಶತಮಾನದ ಕೊನೆಯ ಬರಗಳನ್ನೂ ಕಂಡಿದ್ದ ರೈತರು ಸಾಹುಕಾರನ ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದ ಕಾಲ. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸೆನ್ ಕಟ್ಟಿದ್ದ ಸಾಲ ಸಂಘಗಳ ಮಾದರಿಯನ್ನು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ತಮ್ಮ ವರದಿಯಲ್ಲಿ ಎತ್ತಿ ಹಿಡಿದಿದ್ದರು. ಅದರ ಬೆನ್ನಿಗೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಈ ಹಳ್ಳಿ ಅದನ್ನು ಕೈಗೆತ್ತಿಕೊಂಡಿತು.

ಆ ಕಾಯಿದೆಯ ಒಂದು ಅಂಶವನ್ನು ಕಾಕಾ ಸಂಘದ ಜಗುಲಿಯ ಮೇಲೆ ಕುಳಿತು ವಿವರಿಸಿದರು. ಸಂಘ ಕಟ್ಟಲು ಕನಿಷ್ಠ ಹತ್ತು ಜನ ಬೇಕು. ಗ್ರಾಮೀಣ ಸಂಘವಾದರೆ ಸದಸ್ಯರ ಹೊಣೆ ಅನಿಯಮಿತ. ಎಂದರೆ ಸಂಘ ಮುಳುಗಿದರೆ ಷೇರು ಹಣ ಹೋಗುವುದಷ್ಟೇ ಅಲ್ಲದೆ ಪ್ರತಿಯೊಬ್ಬ ಸದಸ್ಯನ ಹೊಲ-ಮನೆಯೂ ಸಾಲಕ್ಕೆ ಬಾಧ್ಯ. ನನ್ನ ವೃತ್ತಿಯಲ್ಲಿ ದಿನಬೆಳಗಾದರೆ ನೋಡುವುದು ಇದರ ತದ್ವಿರುದ್ಧ. ಎರಡು ಅಂಗಡಿ ಇಟ್ಟವರೂ ಹೊಣೆಯನ್ನು ಮಿತಗೊಳಿಸಲು ಕಂಪನಿ ನೋಂದಾಯಿಸುತ್ತಾರೆ. ಇಲ್ಲಿ, ಬಡವರಲ್ಲಿ ಬಡವರು, ತಮ್ಮಲ್ಲಿದ್ದುದೆಲ್ಲವನ್ನೂ ನೆರೆಯವನ ಸಾಲಕ್ಕೆ ಜಾಮೀನಿಟ್ಟರು. ಅದಕ್ಕೇ ಸಾಲ ಕೊಡುವಾಗ ಎತ್ತು ಕೊಳ್ಳಲು ಕೇಳುತ್ತಿದ್ದಾನೋ ಮದುವೆಗೆ ಕೇಳುತ್ತಿದ್ದಾನೋ ಎಂದು ಎಲ್ಲರೂ ವಿಚಾರಿಸಬೇಕಾಗುತ್ತಿತ್ತು. ಒಬ್ಬನ ಎತ್ತು ಬೇನೆ ಬಿದ್ದರೆ ಅದು ಎಲ್ಲರ ಚಿಂತೆ. ಇವತ್ತಿನ ಯಾವ ಬ್ಯಾಂಕಿನ ಸಾಲ ಪರಿಶೀಲನಾ ವಿಭಾಗಕ್ಕೂ ಅಷ್ಟು ಹತ್ತಿರದ ಕಣ್ಣಿಲ್ಲ. ನಮ್ಮ ಬ್ಯಾಂಕ್ ವ್ಯವಸ್ಥಾಪಕರೂ ಅದನ್ನು ಒಪ್ಪಿದರು.

ಈಗ ಆ ಅನಿಯಮಿತ ಹೊಣೆ ಇಲ್ಲ. ಬೆಳೆಸಾಲ ಬರುವುದು ಜಿಲ್ಲಾ ಕೇಂದ್ರ ಬ್ಯಾಂಕಿನ ಮೂಲಕ. ಬಡ್ಡಿಯ ಭಾರವನ್ನು ಸರ್ಕಾರ ಹೊರುತ್ತದೆ. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿತು. ರೈತ ಉತಾರ (ಜಮೀನಿನ ದಾಖಲೆಯ ಪ್ರತಿ) ತರುತ್ತಾನೆ, ಅರ್ಜಿ ತುಂಬುತ್ತಾನೆ, ಹಣ ಅವನ ಖಾತೆಗೆ ಬೀಳುತ್ತದೆ. ಅನುಕೂಲ ಹೆಚ್ಚಿದೆ, ಸಂಶಯವಿಲ್ಲ. ಆದರೆ ಮೇಲಿನಿಂದ ಹಣ ಬರತೊಡಗಿದ ಮೇಲೆ ಸದಸ್ಯನಿಗೆ ಸಂಘ ತನ್ನದು ಎನ್ನಿಸಲು ಇರುವ ಕಾರಣಗಳು ಕಡಿಮೆಯಾಗಿವೆ. ಸಹಕಾರ ಚಳವಳಿಯ ಬಗ್ಗೆ ಯೋಚಿಸುವವರು ಈ ಮಾತನ್ನು ತಪ್ಪಿಸಿಕೊಂಡು ಹೋಗಲಾಗದು.

ನಾವು ನೋಡಿದ ಪುಸ್ತಕದಲ್ಲಿ ಪ್ರತಿ ಠರಾವಿನ ಕೆಳಗೆ ಸೂಚಕರು, ಅನುಮೋದಕರು ಎಂದು ಎರಡು ಸಾಲು. ಮಹಾಸಭೆಯ ಹಾಜರಿಯಲ್ಲಿ ಸಹಿಗಳ ನಡುವೆ ಹೆಬ್ಬೆಟ್ಟಿನ ಗುರುತುಗಳಿದ್ದವು. ಪಕ್ಕದಲ್ಲಿ ಬೇರೆ ಕೈಯಲ್ಲಿ ಹೆಸರು. ರಾಜ್ಯದ ಸಹಕಾರ ಸಂಘಗಳೆಲ್ಲ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಸಭೆಗಳಿಗೆ ಪದೇ ಪದೇ ಗೈರಾದ ಸದಸ್ಯ ಮತದಾನದ ಹಕ್ಕು ಕಳೆದುಕೊಳ್ಳುತ್ತಾನೆ. ಹೀಗಾಗಿ ಚುನಾವಣೆ ಬಂದಾಗ ಎಷ್ಟೋ ಸಂಘಗಳಲ್ಲಿ ಅನರ್ಹರ ಪಟ್ಟಿ ಅರ್ಹರ ಪಟ್ಟಿಗಿಂತ ಉದ್ದವಾಗಿರುತ್ತದೆ. "ಆ ಹಾಜರಿ ಪುಸ್ತಕವೇ ಸಂಘ, ತಾಯಿ. ಉಳಿದದ್ದು ಕಟ್ಟಡ," ಎಂದರು ಕಾಕಾ. ವಾರವಿಡೀ ನನ್ನ ತಲೆಯಲ್ಲಿ ಓಡಾಡಿದ್ದು ಈ ಮಾತು.

ಸಂಜೆ ಗದಗದ ವೀರೇಶ್ವರ ಪುಣ್ಯಾಶ್ರಮ. ಹುಟ್ಟಿನಿಂದ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ತಮ್ಮಂಥವರಿಗೆ ಅದನ್ನು ಧಾರೆ ಎರೆಯಲು ಕಟ್ಟಿದ ಆಶ್ರಮ ಇದು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಶಿಷ್ಯ, ಅವರಂತೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಣ್ಣುಮುಚ್ಚುವವರೆಗೆ ಅದನ್ನು ನಡೆಸಿದರು. ಮಕ್ಕಳಿಗೆ ಊಟ, ವಸತಿ, ವಿದ್ಯೆ ಎಲ್ಲವೂ ಉಚಿತ. ಖರ್ಚಿಗೆ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು; ಭಕ್ತರು ಮಾಡಿಸಿದ ತುಲಾಭಾರದ ಹಣವೂ ಆಶ್ರಮಕ್ಕೇ ಬಂತು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಬಾಲ್ಯದಲ್ಲಿ ಇಲ್ಲಿಗೆ ಬಂದು ಪುಟ್ಟರಾಜರ ಕೈಕೆಳಗೆ ಬೆಳೆದವರು.

ಒಂದು ಕೋಣೆಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ತನಗಿಂತ ಚಿಕ್ಕವನಿಗೆ ತಬಲಾ ಪಾಠ ಹೇಳಿಕೊಡುತ್ತಿದ್ದ. ಇಬ್ಬರಿಗೂ ಕಾಣುವುದಿಲ್ಲ. ದೊಡ್ಡವನು ಚಿಕ್ಕವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಪೆಟ್ಟು ಎಲ್ಲಿಂದ ಎದ್ದು ಬರುತ್ತಿದೆ ಎಂದು ಹಿಡಿಯುತ್ತಿದ್ದ. ಕೈ ಬಿಗಿಯಾದರೆ ಬೆರಳಿನಿಂದ ಮೆಲ್ಲನೆ ಒತ್ತುತ್ತಿದ್ದ. ಕೂಡಲೇ ಬೋಲು ತಿಳಿಯಾಗುತ್ತಿತ್ತು. ನಮ್ಮ ವೈದ್ಯೆ ಅಲ್ಲಿಂದ ಏಳಲೇ ಇಲ್ಲ. ನಾವು ಉಗ್ರಾಣ ನೋಡಿಕೊಂಡು ಬಂದೆವು. ಜೋಳ, ಅಕ್ಕಿ, ಬೇಳೆ, ಭಕ್ತರು ತಂದು ಒಪ್ಪಿಸಿದ್ದು. ಅಕ್ಷರಶಃ ಊರು ಉಣ್ಣಿಸುವ ಸಂಸ್ಥೆ ಅದು.

ಮಂಗಳವಾರ: ಹುಲಕೋಟಿ, ಮತ್ತೊಂದು ಪಂಚಾಯಿತಿ

ಹುಲಕೋಟಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೆ.ಎಚ್. ಪಾಟೀಲರು ಸಹಕಾರ ತತ್ವದ ಮೇಲೆ ನೂಲಿನ ಗಿರಣಿ ಕಟ್ಟಿದ ಊರು. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರವನ್ನು ಬೇಗ ಬೇಗ ನೋಡಿ ಹತ್ತಿರದ ಒಂದು ಗ್ರಾಮ ಪಂಚಾಯಿತಿಗೆ ಹೋದೆವು. ಅಂದು ಅಲ್ಲಿ ಗ್ರಾಮಸಭೆ ಇತ್ತು.

ಗ್ರಾಮ ಪಂಚಾಯಿತಿ ಎಂದರೆ ನಮ್ಮ ಬಳಗದ ಹಲವರಿಗೆ ಖಾತಾ ಉತಾರ ಪಡೆಯುವ ಕಚೇರಿ, ಅಷ್ಟೇ. ಕರ್ನಾಟಕದಲ್ಲಿ ಅಧಿಕಾರವನ್ನು ಹಳ್ಳಿಗೆ ಇಳಿಸಲು ಪಟ್ಟುಹಿಡಿದು ಕೆಲಸ ಮಾಡಿದವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್‌ಸಾಬ್ ಎಂದರು. ಅವರ ಕಾಲದ 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಈಗಿನ ವ್ಯವಸ್ಥೆ 1993ರ ಕಾಯಿದೆಯದು. ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಈ ಅನುಪಾತವನ್ನು ಸ್ವಲ್ಪ ಯೋಚಿಸಿ ನೋಡಬೇಕು. ನಗರದಲ್ಲಿ ನಮ್ಮ ವಾರ್ಡಿನ ಪ್ರತಿನಿಧಿ ಸಾವಿರಾರು ಜನಕ್ಕೆ ಒಬ್ಬರು. ಅವರ ಮುಖವನ್ನು ಬ್ಯಾನರಿನಲ್ಲಿ ನೋಡುತ್ತೇವೆ. ಇಲ್ಲಿ ಸದಸ್ಯೆಯ ಮನೆ ಯಾವುದು, ಅವಳ ಅತ್ತೆ ಯಾರು, ಎಮ್ಮೆ ಎಷ್ಟು ಎಂಬುದೆಲ್ಲ ಮತದಾರರಿಗೆ ಗೊತ್ತು. ತಪ್ಪಿಸಿಕೊಳ್ಳಲು ಜಾಗವಿಲ್ಲ.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಗಂಡಸರು ಹಿಂದೆ ಕಟ್ಟೆಯ ಮೇಲೆ, ಹೆಂಗಸರು ಮುಂದೆ ಜಮಖಾನೆಯ ಮೇಲೆ. ಅಭಿವೃದ್ಧಿ ಅಧಿಕಾರಿ ಕ್ರಿಯಾ ಯೋಜನೆ ಓದತೊಡಗಿದರು. ಮೂರನೆಯ ಕಾಮಗಾರಿ ಒಂದು ಚರಂಡಿ. ನಡುವಯಸ್ಸಿನ ಒಬ್ಬ ಹೆಂಗಸು ಎದ್ದು ನಿಂತು, "ಸಾಹೇಬರೇ, ಆ ಚರಂಡಿ ಹೋದ ವರ್ಷವೇ ಓದಿದ್ದೀರಿ. ಆಗ ಅದು ಬಸವಣ್ಣನ ಗುಡಿಯಿಂದ ಹಳ್ಳದವರೆಗೆ ಇತ್ತು. ಈಗ ಗುಡಿಯಿಂದ ಅಂಗನವಾಡಿಯವರೆಗೆ ಎನ್ನುತ್ತೀರಿ. ನೀರು ಅಂಗನವಾಡಿಯಲ್ಲೇ ನಿಲ್ಲಬೇಕೇ?" ಎಂದಳು. ಅಧಿಕಾರಿ ಹಳೆಯ ಪುಸ್ತಕ ತರಿಸಿದರು. ಅವಳ ಮಾತು ಸರಿಯಾಗಿತ್ತು. ಹಳ್ಳದವರೆಗೆ ಎಂದು ತಿದ್ದಿ, ಸಭೆಯ ಮುಂದೆಯೇ ಮತ್ತೆ ಓದಿ ಹೇಳಿದರು. ನಮ್ಮ ಎಂಜಿನಿಯರ್ ಆ ಮೇಲೆ ಹೋಗಿ ಚರಂಡಿಯ ಇಳಿಜಾರು ನೋಡಿ ಬಂದರು. ನಡುವೆ ನಿಲ್ಲಿಸಿದ್ದರೆ ಕೊಳಚೆ ನಿಜವಾಗಿಯೂ ಮಕ್ಕಳ ಬಾಗಿಲಿಗೇ ಬರುತ್ತಿತ್ತು.

ಅವಳು ಸದಸ್ಯೆಯಲ್ಲ, ಸ್ವಸಹಾಯ ಗುಂಪಿನ ಪದಾಧಿಕಾರಿಯೂ ಅಲ್ಲ. ಹೋದ ವರ್ಷದ ಸಭೆಗೆ ಬಂದಿದ್ದಳು, ಈ ವರ್ಷವೂ ಬಂದಿದ್ದಳು. ನಾಯಕತ್ವ ಶಿಬಿರ ಎಂದು ಹೆಸರಿಟ್ಟುಕೊಂಡು ಹೊರಟ ನಮಗೆ ಅಂದು ಕಂಡ ನಾಯಕಿ ಅವಳೇ ಎಂದು ನಾನು ಟೆಂಪೊದಲ್ಲಿ ವಾದಿಸಿದೆ. ಹಿರಿಯ ವಕೀಲರು ಒಪ್ಪಲಿಲ್ಲ. ಕುರ್ಚಿಯಲ್ಲಿ ಕೂರದವರಿಂದ ಏನೂ ಬದಲಾಗದು, ವಿದ್ಯಾವಂತರು ಅಧ್ಯಕ್ಷಗಿರಿಗೇ ಸ್ಪರ್ಧಿಸಬೇಕು ಎಂಬುದು ಅವರ ನಿಲುವು. ಹುಬ್ಬಳ್ಳಿ ಬರುವವರೆಗೂ ಮಾತು ಬಿರುಸಾಗಿಯೇ ನಡೆಯಿತು.

ಬುಧವಾರ: ಬೆಂಗೇರಿ

ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವರು ಕೂಡ ಬೆಂಗೇರಿಯ ಖಾದಿ ಕೇಂದ್ರದ ಒಳಗೆ ಕಾಲಿಟ್ಟಿರುವುದಿಲ್ಲ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣಗೊಂಡು ಸರಿಯಾಗಿ ಒಂದು ವರ್ಷಕ್ಕೆ. ಭಾರತೀಯ ಮಾನಕ ಬ್ಯೂರೊದ ಪ್ರಮಾಣಪತ್ರದೊಂದಿಗೆ ಖಾದಿ ರಾಷ್ಟ್ರಧ್ವಜ ತಯಾರಿಸುವ ಕೇಂದ್ರವೆಂದು ಇದರ ಹೆಸರು ದೇಶಕ್ಕೆಲ್ಲ ಗೊತ್ತು. ಬಟ್ಟೆ ನೇಯ್ದು ಬರುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ. ಇಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಕೊನೆಗೆ ಹಗ್ಗ ಮತ್ತು ಮರದ ಗುಂಡಿ ಕೂರಿಸುವ ಕೆಲಸ. ದುಡಿಯುವವರು ಬಹುಪಾಲು ಹೆಂಗಸರು.

ನಾನು ಬಹಳ ಹೊತ್ತು ನಿಂತದ್ದು ಚಕ್ರ ಮುದ್ರಿಸುವ ಮೇಜಿನ ಹತ್ತಿರ. ಬಿಳಿ ಪಟ್ಟಿಯನ್ನು ಬಿಗಿಯಾಗಿ ಹಾಸಿ, ಚೌಕಟ್ಟು ಇಟ್ಟು, ನೀಲಿ ಬಣ್ಣವನ್ನು ಒಂದೇ ಎಳೆತದಲ್ಲಿ ಎಳೆಯುತ್ತಾರೆ. ಒಣಗಿದ ಮೇಲೆ ಬಟ್ಟೆ ಮಗುಚಿ ಇನ್ನೊಂದು ಬದಿ. ಇಪ್ಪತ್ತನಾಲ್ಕು ಅರಗಳೂ ಎರಡೂ ಬದಿಯಲ್ಲಿ ಒಂದರ ಮೇಲೊಂದು ಕೂರಬೇಕು. ಕೂತಿದೆಯೋ ಇಲ್ಲವೋ ಎಂದು ನೋಡಲು ಆ ಅಕ್ಕ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಅರದ ಅಂಚಿನಲ್ಲಿ ನೀಲಿ ಎರಡು ಪದರವಾಗಿ ಕಂಡಿತು, ಕೂದಲೆಳೆಯಷ್ಟು. ನನಗೆ ತೋರಿಸಿಯೇ ಪಕ್ಕದ ರಾಶಿಗೆ ಹಾಕಿದರು. "ದೂರದಿಂದ ಇದು ಯಾರಿಗೂ ಕಾಣುವುದಿಲ್ಲವಲ್ಲ, ಅಕ್ಕಾ?" ಎಂದೆ. "ಮೇಲೆ ಹಾರುವಾಗ ಬಿಸಿಲು ಹಿಂದಿನಿಂದ ಬೀಳುತ್ತದೆ, ಮೇಡಂ. ಆಗ ಕಾಣುತ್ತದೆ," ಎಂದರು.

ಧ್ವಜಕ್ಕೆ ಗೊತ್ತುಪಡಿಸಿದ ಅಳತೆಗಳು ಒಂಬತ್ತು. ಮೇಜಿನ ಮೇಲಿಡುವ 150 ಮಿಲಿಮೀಟರ್ ಉದ್ದದ್ದರಿಂದ ಹಿಡಿದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲದ ದೊಡ್ಡ ಧ್ವಜದವರೆಗೆ. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ನೂಲಿನ ಎಣಿಕೆ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲದಕ್ಕೂ ಲೆಕ್ಕ. ದಾಸ್ತಾನು ಪುಸ್ತಕದಲ್ಲಿ ಒಂದೊಂದು ಅಳತೆಗೂ ಒಂದೊಂದು ಅಂಕಣ ಇತ್ತು.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಮರುವರ್ಷ ಮನೆಮನೆಯಲ್ಲೂ ಧ್ವಜ ಹಾರಿತು, ಬೆಂಗೇರಿಯ ಬೇಡಿಕೆ ಕುಸಿಯಿತು. ಎಲ್ಲರ ಕೈಗೂ ಧ್ವಜ ಸಿಗಬೇಕು ಎಂಬ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚರಕದಿಂದ ಹೊರಟು ಇಷ್ಟು ಕೈಗಳನ್ನು ದಾಟಿ ಬರುವ ಬಟ್ಟೆಗೆ ಪಾಲಿಯೆಸ್ಟರಿನ ಜೊತೆ ಬೆಲೆಯಲ್ಲಿ ಸೆಣಸು ಎಂದರೆ ಅದು ಸೆಣಸಾಟವೇ ಅಲ್ಲ. ನಮ್ಮ ಅವಳಿ ನಗರದಲ್ಲಿರುವ ಶಾಲೆ, ಕಾಲೇಜು, ಬ್ಯಾಂಕ್, ಆಸ್ಪತ್ರೆ, ವಸತಿ ಸಮುಚ್ಚಯಗಳು ವರ್ಷಕ್ಕೊಂದು ಧ್ವಜವನ್ನು ಇಲ್ಲಿಂದಲೇ ಕೊಳ್ಳಬಹುದು. ಬ್ಯಾಂಕ್ ವ್ಯವಸ್ಥಾಪಕರು ಅಲ್ಲೇ ತಮ್ಮ ಶಾಖೆಗೆ ಒಂದನ್ನು ಕೊಂಡರು.

ಗುರುವಾರ: ಧಾರವಾಡ

ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಧಾರವಾಡದಲ್ಲಿ ದಾರಿ ಕೇಳಬೇಕಾಗಿಲ್ಲ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಇದನ್ನು ಸ್ಥಾಪಿಸಿದಾಗ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡದಲ್ಲಿ ಪುಸ್ತಕಗಳು ಕಡಿಮೆ, ಬರೆಯುವವರಿಗೆ ಆಸರೆಯಿಲ್ಲ. ಸಂಘ ಕನ್ನಡ ಪುಸ್ತಕಗಳಿಗೆ ನೆರವಾಯಿತು. ಏಕೀಕರಣದ ಕೂಗು ಇಲ್ಲಿಂದಲೇ ಬಲ ಪಡೆಯಿತು. 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷವನ್ನು ಕೊಟ್ಟವರೂ ದೇಶಪಾಂಡೆಯವರೇ.

ರಾಜ್ಯ ಹುಟ್ಟುವುದಕ್ಕಿಂತ ಅರವತ್ತಾರು ವರ್ಷ ಮೊದಲು ಅದರ ಕೆಲಸ ಮಾಡತೊಡಗಿದ ಸಂಘ ಇದು. ಇದಕ್ಕೆ ಚಂದಾದಾರರು ಇದ್ದರು, ಕಾರ್ಯಕಾರಿ ಸಮಿತಿ ಇತ್ತು, ಚುನಾವಣೆ ಇತ್ತು. ಈಗಲೂ ಸಂಘದ ಚುನಾವಣೆ ಎಂದರೆ ಧಾರವಾಡದ ಚಹಾದಂಗಡಿಗಳಲ್ಲಿ ವಾರಗಟ್ಟಲೆ ಅದೇ ಮಾತು. ಪಾಟೀಲ ಪುಟ್ಟಪ್ಪನವರು ದಶಕಗಳ ಕಾಲ ಇದರ ಅಧ್ಯಕ್ಷರಾಗಿದ್ದರು.

ಸಭಾಂಗಣದಲ್ಲಿ ಅಂದು ಒಂದು ದತ್ತಿ ಉಪನ್ಯಾಸ ಇತ್ತು. ದತ್ತಿ ಎಂದರೆ, ಯಾರೋ ಒಬ್ಬರು ತಮ್ಮ ತಂದೆಯ ಅಥವಾ ಗುರುಗಳ ನೆನಪಿಗೆ ಒಂದು ಮೊತ್ತವನ್ನು ಸಂಘದಲ್ಲಿಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ ನಡೆಯಬೇಕು. ಬಡ್ಡಿದರ ಇಳಿದಂತೆ ಇಂಥ ಹಳೆಯ ದತ್ತಿಗಳ ಹುಟ್ಟುವಳಿ ಒಂದು ಹಾರಕ್ಕೂ ಚಹಾಕ್ಕೂ ಸಾಲದಾಗುತ್ತದೆ. ಆದರೂ ಎಲ್ಲ ಸಂಸ್ಥೆಗಳೂ ಮಾತು ಕೊಟ್ಟಾಗಿದೆ ಎಂದು ನಡೆಸಿಕೊಂಡೇ ಬರುತ್ತವೆ. ಲೆಕ್ಕ ಬಲ್ಲವರು ನೆರವಿಗೆ ಬರಬೇಕಾದ ಜಾಗ ಇದು. ಚಿಕ್ಕ ದತ್ತಿಗಳನ್ನು ದಾನಿಗಳ ಕುಟುಂಬದ ಒಪ್ಪಿಗೆಯಿಂದ ಒಂದಾಗಿಸುವ ಕೆಲಸವನ್ನು ನಾಲ್ಕು ಸಂಜೆ ಕುಳಿತರೆ ಮುಗಿಸಬಹುದು.

ಉಪನ್ಯಾಸಕ್ಕೆ ಬಂದವರ ನಡುವೆ ನಲವತ್ತರೊಳಗಿನವರು ವಿರಳ. ಮುಂದಿನ ಸಾಲಿನ ಅಜ್ಜನೊಬ್ಬರು ನಮ್ಮ ಸಾಫ್ಟ್‌ವೇರ್ ಹುಡುಗನ ಕೈಹಿಡಿದು, "ತಮ್ಮಾ, ನೀನು ಸಂಘದ ಸದಸ್ಯನೇ?" ಎಂದು ಕೇಳಿದರು. ಅಲ್ಲ ಎಂದಾಗ ಅರ್ಜಿ ಎಲ್ಲಿ ಸಿಗುತ್ತದೆ ಎಂದು ತೋರಿಸಲು ತಾವೇ ಎದ್ದು ನಡೆದರು. ಮಧ್ಯಾಹ್ನ ವಿಶ್ವವಿದ್ಯಾಲಯದ ಕಡೆ ಹೋಗುವ ಯೋಜನೆ ಇತ್ತು. ಮಳೆ ಹಿಡಿದುಕೊಂಡಿತು, ಹೋಗಲಿಲ್ಲ.

ಶುಕ್ರವಾರ: ಶಿರಸಿ

ತಡಸ, ಮುಂಡಗೋಡ ದಾಟಿದರೆ ಬಯಲುಸೀಮೆ ಮುಗಿದು ಕಾಡು. ಶಿರಸಿಯಲ್ಲಿ ಮಳೆ ಸುರಿಯುತ್ತಲೇ ಇತ್ತು. ತೋಟಗಾರ್ಸ್ ಸೇಲ್ ಸೊಸೈಟಿ, ಎಲ್ಲರ ಬಾಯಲ್ಲಿ ಟಿಎಸ್‌ಎಸ್, 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಮಾರಾಟ ಸಂಘ. ಅದಕ್ಕಿಂತ ಮುಂಚೆ ಬೆಳೆಗಾರ ವರ್ಷದ ಖರ್ಚಿಗೆ ವಖಾರಿಯಿಂದ (ಅಡಿಕೆ ವ್ಯಾಪಾರಿಯ ಮಂಡಿಯಿಂದ) ಮುಂಗಡ ತರುತ್ತಿದ್ದ. ಕೊಯ್ಲಾದ ಮೇಲೆ ಅಡಿಕೆ ಅಲ್ಲಿಗೇ ಹೋಗಬೇಕು, ದರ ವಖಾರಿಯವರು ಹೇಳಿದ್ದೇ. ಸಾಲ ಕೊಡುವವನೂ ಸರಕು ಕೊಳ್ಳುವವನೂ ಒಬ್ಬನೇ ಆದರೆ ಬೆಳೆಗಾರನಿಗೆ ಬಾಯಿಯೇ ಇರುವುದಿಲ್ಲ. ಈ ಗಂಟನ್ನು ಬಿಡಿಸಿದ್ದೇ ಸಂಘದ ದೊಡ್ಡ ಸಾಧನೆ. ಅಡಿಕೆಯನ್ನು ಸಂಘದಲ್ಲಿಟ್ಟು ಅದರ ಮೇಲೆ ಮುಂಗಡ ಪಡೆಯಬಹುದು, ದರ ಬಂದಾಗ ಮಾರಬಹುದು.

ಮಳೆಗಾಲದಲ್ಲಿ ಆವಕ ಕಡಿಮೆ. ಆದರೂ ಟೆಂಡರ್ ನಡೆಯುವುದನ್ನು ನೋಡಲು ಸಿಕ್ಕಿತು. ಅಂಕಣದಲ್ಲಿ ಅಡಿಕೆಯ ಬೇರೆ ಬೇರೆ ಬಗೆಗಳ ಸಾಲುಸಾಲು ರಾಶಿ: ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು. ವ್ಯಾಪಾರಿಗಳು ಬಂದು ಒಂದು ಮುಷ್ಟಿ ಎತ್ತಿ, ಎರಡು ಅಡಿಕೆ ಒಡೆದು ಒಳಗಿನ ಬಣ್ಣ ನೋಡಿ, ಮುಂದಿನ ರಾಶಿಗೆ ಸರಿಯುತ್ತಾರೆ. ಪ್ರತಿ ರಾಶಿಗೂ ತಮ್ಮ ದರವನ್ನು ಇನ್ನೊಬ್ಬರಿಗೆ ಕಾಣದಂತೆ ನಮೂದಿಸುತ್ತಾರೆ. ಹೆಚ್ಚಿನ ದರ ಯಾರದೆಂದು ಪ್ರಕಟವಾದ ಮೇಲೂ ಬೆಳೆಗಾರ ಬೇಡ ಎನ್ನಬಹುದು. ನಮ್ಮ ಪಕ್ಕದಲ್ಲಿ ಕೊಡೆ ಮಡಚಿ ನಿಂತಿದ್ದ ಹಿರಿಯರೊಬ್ಬರು ಹಾಗೆಯೇ ತಮ್ಮ ಚಾಲಿಯನ್ನು ಹಿಂದೆ ಇಟ್ಟರು. "ಇನ್ನೊಂದು ತಿಂಗಳು ಕಾಯುತ್ತೇನೆ. ಮಗಳ ಕಾಲೇಜಿನ ಶುಲ್ಕ ಕಟ್ಟಿಯಾಗಿದೆ, ಅವಸರವಿಲ್ಲ," ಎಂದರು.

ಬೇಡ ಎನ್ನುವ ಆ ಹಕ್ಕಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನೂರು ವರ್ಷದ ಹಿಂದೆ ಈ ಹಿರಿಯರ ಅಜ್ಜನಿಗೆ ಅದು ಇರಲಿಲ್ಲ. ಹತ್ತಿ, ಈರುಳ್ಳಿ, ಮೆಣಸಿನಕಾಯಿ ಬೆಳೆಯುವ ನಮ್ಮ ಕಡೆಯ ರೈತರಿಗೆ ಇವತ್ತಿಗೂ ಪೂರ್ತಿಯಾಗಿ ಇಲ್ಲ. ಈರುಳ್ಳಿ ಅಡಿಕೆಯಂತೆ ತಿಂಗಳುಗಟ್ಟಲೆ ಕಾಯುವ ಸರಕಲ್ಲ, ನಿಜ; ಅಡಿಕೆ ಬೆಳೆಗಾರರು ಒಟ್ಟಾರೆ ಹೆಚ್ಚು ಸ್ಥಿತಿವಂತರು ಎಂಬುದೂ ನಿಜ. ಆದರೆ ಗದಗ ಸೀಮೆಯಲ್ಲಿ ಪತ್ತಿನ ಸಂಘ ಮೊದಲು ಹುಟ್ಟಿದರೂ ಸಾಲದ ಜೊತೆ ಮಾರಾಟವನ್ನು ಇಷ್ಟು ಗಟ್ಟಿಯಾಗಿ ಹೆಣೆಯಲು ಆಗಲಿಲ್ಲ. 1904ರ ಕಾಯಿದೆ ಸಾಲಕ್ಕೆ ಮಾತ್ರ ಇತ್ತು. ಮಾರಾಟದಂಥ ಬೇರೆ ಉದ್ದೇಶದ ಸಂಘಗಳಿಗೆ ದಾರಿ ತೆರೆದದ್ದು 1912ರ ಕಾಯಿದೆ. ಕಣಗಿನಹಾಳದಲ್ಲೂ ಶಿರಸಿಯಲ್ಲೂ ಒಂದೇ ವಾರದಲ್ಲಿ ನಿಂತು ನೋಡಿದ್ದರಿಂದ ಈ ವ್ಯತ್ಯಾಸ ನನಗೆ ಕಣ್ಣಿಗೆ ಕಟ್ಟಿತು.

ಶನಿವಾರ: ಹೆಗ್ಗೋಡು

ಸಿದ್ದಾಪುರ, ತಾಳಗುಪ್ಪ, ಸಾಗರದ ಮೇಲೆ ಹೆಗ್ಗೋಡು ತಲುಪಿದೆವು. ಜೋಗಕ್ಕೆ ಹೋಗೋಣ ಎಂದು ಕೆಲವರು ಹಟ ಹಿಡಿದರು, ಕಾಕಾ ಬಿಡಲಿಲ್ಲ.

ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಹಳ್ಳಿಯವರು ನಾಟಕ ಆಡಲು ಮಾಡಿಕೊಂಡ ಸಂಘ. ಅಡಿಕೆ ಕೃಷಿಕರೇ ಆಗಿದ್ದ ಕೆ.ವಿ. ಸುಬ್ಬಣ್ಣ ಅದನ್ನು ಎಲ್ಲಿಂದ ಎಲ್ಲಿಗೆ ಒಯ್ದರು ಎಂಬುದು ಕನ್ನಡಿಗರಿಗೆ ಗೊತ್ತಿರುವ ಕಥೆ: 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಇಷ್ಟಾದರೂ ಊರು ಹಳ್ಳಿಯಾಗಿಯೇ ಉಳಿದಿದೆ. ರಂಗಮಂದಿರದ ಹೊರಗೆ ನಿಂತರೆ ತೋಟ, ಹಾಲಿನ ಡಬ್ಬಿ ಹಿಡಿದು ಹೋಗುವವರು, ಶಾಲೆ ಬಿಟ್ಟ ಮಕ್ಕಳು.

ತಾಲೀಮು ನಡೆಯುತ್ತಿತ್ತು. ಒಂದೇ ಪ್ರವೇಶವನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ರಾಯಚೂರು ಕಡೆಯಿಂದ ಬಂದ ಹುಡುಗಿಗೂ ಕರಾವಳಿಯ ಹುಡುಗನಿಗೂ ಒಂದೇ ಸಾಲು ಎರಡು ಬಗೆಯಲ್ಲಿ ಬರುತ್ತಿತ್ತು. ಮೇಷ್ಟರು ಎರಡನ್ನೂ ಅಳಿಸದೆ, ಉಸಿರನ್ನು ಮಾತ್ರ ತಿದ್ದುತ್ತಿದ್ದರು. ಬೆಳಿಗ್ಗೆ ಅಂಗಳ ಗುಡಿಸುವುದು, ಪರದೆ ಮಡಿಸುವುದು, ಪೆಟ್ಟಿಗೆ ಹೊರುವುದು, ಎಲ್ಲವೂ ವಿದ್ಯಾರ್ಥಿಗಳ ಪಾಲಿನ ಕೆಲಸ. ಊರೂರಿಗೆ ನಾಟಕ ಒಯ್ಯುವ ತಿರುಗಾಟದಲ್ಲಿ ದೀಪ ಕಟ್ಟುವವನೂ ಪಾತ್ರಧಾರಿಯೂ ಬೇರೆ ಬೇರೆ ಜನರಾಗಿರಬೇಕೆಂದಿಲ್ಲ. ಇಲ್ಲಿ ನಮ್ಮ ಪ್ರಾಧ್ಯಾಪಕಿ ಕೇಳಿ ಪಡೆದು ನೋಡಿದ್ದು ತಿರುಗಾಟದ ಊರುಗಳ ಪಟ್ಟಿ. ಅದರಲ್ಲಿದ್ದ ಪ್ರತಿ ಊರಲ್ಲೂ ನಾಟಕ ಕರೆಸಿಕೊಳ್ಳುವ, ಊಟ-ವಸತಿ ನೋಡಿಕೊಳ್ಳುವ, ಟಿಕೆಟು ಮಾರುವ ಒಂದು ಚಿಕ್ಕ ಸಂಘ ಇರಲೇಬೇಕು. ಹೆಗ್ಗೋಡಿನ ಒಂದು ಸಂಸ್ಥೆ ನಿಂತಿರುವುದು ಹೆಸರೇ ಕೇಳದ ಅಂಥ ಎಷ್ಟೋ ಸಂಘಗಳ ಮೇಲೆ.

ರಾತ್ರಿ ಊಟವಾದ ಮೇಲೆ ಕಾಕಾ ಎಲ್ಲರನ್ನೂ ಕೂರಿಸಿಕೊಂಡರು. ಅಭಿಪ್ರಾಯ ಬೇಡ, ಯಾರು ಯಾವ ಸಭೆಗೆ ಹೋಗುತ್ತೀರಿ ಎಂದು ಮಾತ್ರ ಹೇಳಿ ಎಂದರು. ವೈದ್ಯೆ ತಮ್ಮ ಬಡಾವಣೆಯ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಯಾವಾಗ ಸೇರುತ್ತದೆ ಎಂದು ವಿಚಾರಿಸಿ ಹೋಗುವುದಾಗಿ ಹೇಳಿದರು. ಗದಗದ ಆಶ್ರಮಕ್ಕೂ ಮಕ್ಕಳ ತಪಾಸಣೆಗೆ ಬರುವ ಅನುಮತಿ ಆಗಲೇ ಕೇಳಿಕೊಂಡಿದ್ದರಂತೆ. ಎಂಜಿನಿಯರ್ ಆ ಪಂಚಾಯಿತಿಯ ಚರಂಡಿಯ ಅಂದಾಜುಪಟ್ಟಿ ನೋಡಿಕೊಡಲು ಒಪ್ಪಿಕೊಂಡಿದ್ದರು. ಸಾಫ್ಟ್‌ವೇರ್ ಹುಡುಗನ ಚೀಲದಲ್ಲಿ ವಿದ್ಯಾವರ್ಧಕ ಸಂಘದ ಅರ್ಜಿ ಇತ್ತು. ಹಿರಿಯ ವಕೀಲರು ತಮ್ಮ ನಿಲುವು ಬಿಡಲಿಲ್ಲ. ತಾವು ಸದಸ್ಯರಾಗಿರುವ ಗೃಹ ನಿರ್ಮಾಣ ಸಂಘದ ಮುಂದಿನ ಚುನಾವಣೆಗೆ ನಿಲ್ಲುತ್ತೇನೆ ಎಂದರು. ಅದಕ್ಕೂ ಮೊದಲು ಈ ಸೆಪ್ಟೆಂಬರಿನ ಸಭೆಗೆ ಹೋಗಿ ಹಾಜರಿಗೆ ಸಹಿ ಹಾಕಬೇಕಲ್ಲ ಎಂದಾಗ ಅದನ್ನೂ ಬರೆದುಕೊಳ್ಳಿ ಎಂದರು.

ನಾನು ನಮ್ಮ ಓಣಿಯ ಪತ್ತಿನ ಸಂಘದ ಹೆಸರು ಕೊಟ್ಟೆ. ಮಹಾಸಭೆಯ ನೋಟಿಸು ಬಂದ ಕೂಡಲೇ ಅಢಾವೆ ಪತ್ರಿಕೆ (ಆಸ್ತಿ-ಹೊಣೆಗಳ ಪಟ್ಟಿ) ತರಿಸಿಕೊಂಡು, ಓಣಿಯ ಹೆಂಗಸರನ್ನು ಮನೆಗೆ ಕರೆದು ಸುಸ್ತಿಬಾಕಿ ಎಂದರೆ ಏನು, ಕಾಯ್ದಿಟ್ಟ ನಿಧಿ ಎಂದರೆ ಏನು, ಯಾವ ಸಾಲಿನ ಬಗ್ಗೆ ಯಾವ ಪ್ರಶ್ನೆ ಕೇಳಬಹುದು ಎಂದು ಒಂದು ಮಧ್ಯಾಹ್ನ ಹೇಳಿಕೊಡುತ್ತೇನೆ ಎಂದೆ. ಕಾಕಾ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು, ಪ್ರತಿ ಸಾಲಿನ ಮುಂದೆ ದಿನಾಂಕಕ್ಕೆ ಜಾಗ ಬಿಟ್ಟರು. ದೀಪಾವಳಿ ಕಳೆದ ಮೇಲೆ ಅವರ ಮನೆಯಲ್ಲಿ ಮತ್ತೆ ಸೇರುವುದೆಂದು ಗೊತ್ತಾಯಿತು. ಬರುವಾಗ ಎಲ್ಲರೂ ತಾವು ಹೋದ ಸಭೆಯ ನಡವಳಿಯ ಒಂದು ಪ್ರತಿ ತರಬೇಕು.